ಆಕಾಶದ ಮೀನಿಗೆ ಅತ್ತೆಯ ಸರ್ಟಿಫಿಕೇಟು

ಸಿನಿಮಾಗಳಿಗೆ ಸರ್ಟಿಫಿಕೇಟು ಕೊಡಲು ಸರ್ಕಾರದವರು ಎಲ್ಲೋ ಒಂದು ಮಂಡಳಿ ಇಟ್ಟಿದ್ದಾರಂತೆ. ಇಟ್ಟುಕೊಳ್ಳಲಿ ಬಿಡಿ, ಪಾಪ! ಅಲ್ಲಿ ಪಾಸಾಗಿ ಬಂದ ಎಷ್ಟೋ ಸಿನಿಮಾಗಳು ನಮ್ಮ ಮನೆಯ ಪಡಸಾಲೆಯಲ್ಲಿ ಫೇಲಾಗಿವೆ. ಏಕೆಂದರೆ ನಮ್ಮಲ್ಲಿ ಅತ್ತೆ ಇದ್ದಾರೆ.

ಅತ್ತೆ ಎಂದ ಕೂಡಲೇ ಹೆಂಡತಿಯ ತಾಯಿ ಎಂದುಕೊಂಡು ನನ್ನ ಸಂಸಾರಕ್ಕೆ ಕಲ್ಲು ಹಾಕಬೇಡಿ. ಇವರು ನನ್ನಪ್ಪನ ಅಕ್ಕ. ಸೊರಬ ತಾಲ್ಲೂಕಿನ ಉಳವಿಗೆ ಕೊಟ್ಟ ಹೆಣ್ಣು. ಅಲ್ಲಿ ಮಗ, ಸೊಸೆ, ಗದ್ದೆ ಎಲ್ಲ ಸೊಗಸಾಗಿದ್ದರೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಶಿಕಾರಿಪುರದ ನಮ್ಮ ಮನೆಗೆ ಬಂದು ತವರಿನ ಉಸ್ತುವಾರಿ ನೋಡದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ನಮ್ಮ ಐದು ವರ್ಷದ ಸಾನ್ವಿ ಟಿವಿಯಲ್ಲಿ ಏನು ನೋಡಬೇಕು, ಏನು ನೋಡಬಾರದು ಎಂಬುದೂ ಆ ಉಸ್ತುವಾರಿಯಲ್ಲಿ ಸೇರಿದೆ.

ಅವರ ಪದ್ಧತಿ ಸರಳ. ಮಗು ನೋಡುವ ಸಿನಿಮಾವನ್ನು ಮೊದಲು ತಾವೊಬ್ಬರೇ ಕುಳಿತು ನೋಡಬೇಕು. "ಮಗೀಗೆ ತಿನ್ಸೋ ಮುಂಚೆ ಖಾರ ಐತಾ, ಬಿಸಿ ಐತಾ ಅಂತ ನಾವು ಬಾಯಿಗೆ ಹಾಕ್ಕಂಡು ನೋಡಲ್ವೇನೋ? ಇದೂ ಹಂಗೇಯ" ಎನ್ನುತ್ತಾರೆ. ಪಾಸಾದರೆ ಮಗುವಿನ ಹಣೆಗೆ ವಿಭೂತಿ ಹಚ್ಚಿ ಕೂರಿಸುತ್ತಾರೆ. ಸಿನಿಮಾ ಮುಗಿದ ಮೇಲೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ದೃಷ್ಟಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಆ ಘಾಟಿಗೆ ಇಡೀ ಮನೆ ಕೆಮ್ಮುತ್ತದೆ. ಯಾವ ಚಿತ್ರಮಂದಿರದಲ್ಲಿ ಇಷ್ಟು ಸೌಲಭ್ಯ ಉಂಟು, ಹೇಳಿ!

ಹೀಗೆ ಸುಗಮವಾಗಿ ನಡೆಯುತ್ತಿದ್ದ ಮಂಡಳಿಗೆ ಗಂಡಾಂತರ ತಂದವಳು ನನ್ನ ಹೆಂಡತಿ. ಆಕೆ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ಮಕ್ಕಳ ಕಲ್ಪನೆ ಬೆಳೆಯಬೇಕು ಎಂದು ಎಲ್ಲಿಂದಲೋ ಒಂದು ಪರದೇಶದ ಕಾರ್ಟೂನ್ ಸಿನಿಮಾ ಹುಡುಕಿ ತಂದಳು. ಅದರಲ್ಲಿ ಮೀನುಗಳು ಆಕಾಶದಲ್ಲಿ ಈಜುತ್ತವೆ. ಮನೆಗೆ ಕಾಲು ಮೂಡಿ ಸಂತೆಗೆ ಹೊರಡುತ್ತದೆ. ಒಬ್ಬ ಹುಡುಗಿಯ ಜಡೆ ಬಿಚ್ಚಿ ಹೊಳೆಯಾಗಿ, ಹೊಳೆ ಆನೆಯಾಗಿ, ಆನೆ ಕರಗಿ ಏಳೆಂಟು ಬಣ್ಣವಾಗಿ ತೆರೆಯ ತುಂಬ ಸುತ್ತುತ್ತದೆ. ನಾನು ಪೈಪು, ಮೋಟರ್ ಮಾರುವವನು. ನೀರು ಪೈಪಿನೊಳಗೇ ಇರಬೇಕು ಎಂಬುದಷ್ಟೇ ನನ್ನ ಸಿದ್ಧಾಂತ.

ಪದ್ಧತಿಯಂತೆ ಅತ್ತೆ ಒಬ್ಬರೇ ನೋಡಲು ಕುಳಿತರು. ಸ್ವಲ್ಪ ಹೊತ್ತಿಗೇ ಟಿವಿ ರಿಪೇರಿಯವನಿಗೆ ಫೋನು ಹೋಯಿತು. "ಲಗೂನೆ ಬಾರಪ್ಪಾ, ನಮ್ಮ ಟಿವಿಯೊಳಗೆ ಬಣ್ಣ ಸೋರ್ತಾ ಐತೆ!"

ಅವನು ಸ್ಕ್ರೂಡ್ರೈವರ್ ಸಮೇತ ಓಡಿ ಬಂದ. ಹಿಂದೆ ನೋಡಿದ, ಮುಂದೆ ನೋಡಿದ, ರಿಮೋಟು ಕುಟ್ಟಿದ. ಕೊನೆಗೆ ಅತ್ತೆ ಕೊಟ್ಟ ಚಹಾ ಕುಡಿಯುತ್ತ ಸಿನಿಮಾ ಪೂರ್ತಿ ನೋಡಿ, "ಅಮ್ಮಾ, ಟಿವಿ ಚಲೋ ಐತ್ರೀ. ಇದನ್ನ ಮಾಡ್ದೋರ್ನ ಬಿಚ್ಚಿ ನೋಡ್ಬೇಕಷ್ಟೆ" ಎಂದು ಹೋದ. ಅತ್ತೆಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಅವತ್ತು ಉಪ್ಪು, ಮೆಣಸಿನಕಾಯಿ ನಿವಾಳಿಸಿದ್ದು ಟಿವಿಗೆ!

ತೀರ್ಪು ಬಂತು. ತಲೆಬುಡವಿಲ್ಲದ್ದನ್ನು ನೋಡಿದರೆ ಎಳೆ ಮಗುವಿನ ತಲೆ ಕೆಡುತ್ತದೆ, ಆದ್ದರಿಂದ ಈ ಸಿನಿಮಾ ಕೂಡದು.

"ಅತ್ತೇ, ಸಣ್ಣವನಿದ್ದಾಗ ನನ್ನನ್ನ ಬಳ್ಳಿಗಾವಿಗೆ ಕರ್ಕೊಂಡು ಹೋಗಿ ಗಂಡಭೇರುಂಡದ ಕಂಬ ತೋರಿಸಿದ್ರಲ್ಲ? ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆ! ನನ್ನ ತಲೆ ಕೆಟ್ಟಿತಾ?" ಎಂದೆ.

"ಅದು ಕಲ್ಲು. ನಿಂತಲ್ಲೇ ನಿಂತೈತೆ. ಕರಗಿ ಆನೆ ಆಗಲ್ಲ."

"ಮತ್ತೆ ಕುಂಬಳಕಾಯೊಳಗೆ ರಾಜಕುಮಾರಿ ಇದ್ಲು ಅಂತ ಕಥೆ ಹೇಳ್ತಿದ್ರಲ್ಲ?"

"ಅವಳೇನು ಸುಮ್ಸುಮ್ನೆ ಕುಂತಿದ್ಲಾ? ಶಾಪ ಇತ್ತು ಮಾರಾಯ! ಎಲ್ಲದಕ್ಕೂ ಒಂದು ಕಾರಣ ಬ್ಯಾಡ್ವಾ?"

ನನ್ನ ಹೆಂಡತಿಯೂ ಸೋಲುವವಳಲ್ಲ. ಕೊನೆಗೆ ಒಂದು ರಾಜಿಯಾಯಿತು. ಸಾನ್ವಿ ನೋಡಬಹುದು, ಆದರೆ ಅತ್ತೆ ಪಕ್ಕದಲ್ಲಿ ಕುಳಿತು ಹೆದರಿಕೆಯ ಜಾಗದಲ್ಲಿ ಮಗುವಿನ ಕಣ್ಣು ಮುಚ್ಚಬೇಕು.

ಕಣ್ಣು ಮುಚ್ಚಿದ್ದೇನೋ ನಿಜ, ಆದರೆ ಯಾರದು? ಆನೆ ಕರಗಲು ಶುರುವಾದದ್ದೇ ತಡ, ಅತ್ತೆ ಸೆರಗು ಎಳೆದು ತಮ್ಮ ಮುಖಕ್ಕೇ ಮುಚ್ಚಿಕೊಂಡರು! ಸಾನ್ವಿ ಅವರ ಕೈ ಹಿಡಿದುಕೊಂಡು ವರದಿ ಕೊಡುತ್ತಿದ್ದಳು. "ಅಜ್ಜಿ, ಕರಗಿದ್ರೆ ಏನೂ ಆಗಲ್ಲ. ಓಡ್ಬಾರ್ದು. ಸುಮ್ನೆ ಕೈ ಹಿಡ್ಕೊಂಡು ನೋಡ್ತಾ ಇರ್ಬೇಕು. ಎಲ್ಲಾ ವಾಪಸ್ ಬರುತ್ತೆ... ನೋಡು, ಬಂತು. ಕಣ್ಣು ಬಿಡು."

ಮಗು ಹೆದರಲಿಲ್ಲವಲ್ಲ, ಇನ್ನಾದರೂ ಅತ್ತೆ ಒಪ್ಪುತ್ತಾರೆ ಎಂದು ನಾವು ಬೀಗಿದೆವು. ಅವರೋ ಬ್ಯಾಗಿಗೆ ಸೀರೆ ತುರುಕುತ್ತಿದ್ದರು. "ಹೆದರ್ಲಿಲ್ಲ ನೋಡು, ಅದೇ ನನ್ನ ಹೆದರಿಕೆ! ಹೆದರೋ ಹತ್ರ ಹೆದರ್ದಿದ್ರೆ ಅದನ್ನೇ ಅಲ್ವೇನೋ ತಲೆ ಕೆಡೋದು ಅನ್ನೋದು? ಈ ಮನೇಲಿ ಒಂದು ಆ ಸಿನಿಮಾ ಇರ್ಬೇಕು, ಇಲ್ಲಾ ನಾನಿರ್ಬೇಕು" ಎಂದವರು ಬಸ್ಸು ಹತ್ತಿಯೇ ಬಿಟ್ಟರು.

ಮರುತಿಂಗಳು ಬರಲಿಲ್ಲ. ಫೋನು ಮಾಡಿದರೆ "ಗದ್ದೆ ಕೆಲಸ" ಎಂದರು. ಅತ್ತೆ ಗದ್ದೆಗಿಳಿದು ಎಷ್ಟು ಕಾಲವಾಯಿತೋ ದೇವರೇ ಬಲ್ಲ! ನಾನು ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿ, ಅವರ ಕೈಯ ರೊಟ್ಟಿ ತಿಂದು. ಹಾಳು ಮೀನೊಂದಕ್ಕಾಗಿ ಅತ್ತೆಯನ್ನು ಕಳೆದುಕೊಂಡೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಹೆಂಡತಿಗೆ ಹೇಳದೆ ಸಿನಿಮಾ ಅಳಿಸಿಬಿಡೋಣ ಎಂದೂ ಯೋಚಿಸಿದೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಉಳವಿಯಿಂದ ಅವರ ಮಗ ಕಾರಿನಲ್ಲಿ ಅತ್ತೆಯನ್ನು ಮಲಗಿಸಿಕೊಂಡು ಬಂದ. ಎರಡು ದಿನದಿಂದ ವಾಂತಿ, ಈಗ ಏನೇನೋ ಮಾತು. ಶಿಕಾರಿಪುರದಲ್ಲೇ ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಸೋಡಿಯಂ ಇಳಿದಿದೆ, ಅದಕ್ಕೇ ಇಲ್ಲದ್ದೆಲ್ಲ ಕಾಣುತ್ತಿದೆ, ಏರಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಹೇಳುವುದು ಸುಲಭ. ಅತ್ತೆ ಸೂರನ್ನೇ ನೋಡುತ್ತ ಮಂಚದಿಂದ ಇಳಿಯಲು ಒದ್ದಾಡುತ್ತಿದ್ದರು. ಡ್ರಿಪ್ಪಿನ ಸೂಜಿ ಕಿತ್ತುಕೊಂಡರು.

"ಮೀನು ಕಾಣೋ... ಫ್ಯಾನಿನ ಸುತ್ತ ಮೀನು ಬಂದಾವೆ... ಕೆಳಗೆ ಬರ್ತಾವೆ!"

"ಮೀನಿಲ್ಲ ಅತ್ತೆ" ಎಂದೆ ನಾನು. "ಏನಿಲ್ಲ ಅವ್ವಾ" ಎಂದ ಅವರ ಮಗ. "ಎಂಥ ಮೀನಮ್ಮಾ, ಸುಮ್ನೆ ಮಲ್ಗಿ" ಎಂದರು ನರ್ಸು. ನಾವು ಇಲ್ಲ ಎಂದಷ್ಟೂ ಅವರ ಕಣ್ಣಿನ ಭಯ ಹೆಚ್ಚಾಯಿತು. ನನ್ನನ್ನು ಹೆಸರು ಹಿಡಿದು ಬೈಯದ ಅತ್ತೆಯನ್ನು ನಾನು ಅದೇ ಮೊದಲು ಕಂಡದ್ದು. ನನ್ನ ಗುರುತೇ ಹತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅಮ್ಮನ ಜೊತೆ ಬಂದಿದ್ದ ಸಾನ್ವಿ ಮಂಚದ ಹತ್ತಿರ ಹೋಗಿ ತಲೆಯೆತ್ತಿ ಫ್ಯಾನು ನೋಡಿದಳು.

"ಯಾವ ಬಣ್ಣದ್ದು, ಅಜ್ಜಿ?"

ಅತ್ತೆಯ ಒದ್ದಾಟ ನಿಂತಿತು. "ಕೆಂಪು... ಇಲ್ಲ, ಈಗ ಹಸಿರಾತು."

"ಹ್ಞೂಂ, ಅವು ಹಂಗೇ. ಕಚ್ಚಲ್ಲ. ಓಡ್ಬಾರ್ದು ಅಜ್ಜಿ, ಕೈ ಹಿಡ್ಕೋ. ಆಮೇಲೆ ಎಲ್ಲಾ ವಾಪಸ್ ಬರುತ್ತೆ."

ಅತ್ತೆ ಆ ಪುಟ್ಟ ಕೈ ಹಿಡಿದುಕೊಂಡರು. ನರ್ಸು ಸದ್ದಿಲ್ಲದೆ ಇನ್ನೊಂದು ಕೈಗೆ ಸೂಜಿ ಚುಚ್ಚಿದರು. ಮಗು ಒಂದೊಂದೇ ಮೀನಿನ ಬಣ್ಣ ಕೇಳುತ್ತ ಹೋದಂತೆ ಅತ್ತೆ ಹೇಳುತ್ತ ಹೇಳುತ್ತ ನಿದ್ದೆ ಹೋದರು. ಆಗ ಸಾನ್ವಿ ಖಾಲಿ ಮುಷ್ಟಿ ಬಿಗಿಹಿಡಿದು ಅಜ್ಜಿಯ ಮುಖದ ಸುತ್ತ ನಿವಾಳಿಸಿ, ಕಿಟಕಿಯಿಂದಾಚೆ ಎಸೆದಳು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಅತ್ತೆ ಹುಷಾರಾಗಿ ಸೀದಾ ನಮ್ಮ ಮನೆಗೇ ಬಂದರು. ಸೋಫಾದ ಮೇಲೆ ಕುಳಿತು ಸಾರಿಗೆ ಉಪ್ಪು ಕಡಿಮೆ ಎಂದು ನನ್ನ ಹೆಸರು ಹಿಡಿದು ಬೈದ ಮೇಲೆ ನನಗೂ ಧೈರ್ಯ ಬಂತು.

"ಅತ್ತೇ, ಕೊನೆಗೂ ಆ ಸಿನಿಮಾ ಮಕ್ಕಳಿಗೆ ತೋರಿಸಬಹುದೋ, ಬೇಡವೋ?"

ಅತ್ತೆ ಸಾರಿನ ಬಟ್ಟಲು ಕೆಳಗಿಟ್ಟರು.

"ಮಕ್ಕಳಿಗೆ ತೋರ್ಸು, ಅಡ್ಡಿಲ್ಲ. ದೊಡ್ಡೋರು ಮಾತ್ರ ಒಬ್ಬೊಬ್ರೇ ನೋಡ್ಬಾರ್ದು ಕಾಣೋ. ಪಕ್ಕದಲ್ಲಿ ಒಂದು ಮಗು ಇರ್ಬೇಕು."

ಹಾಗೆಂದು, ಟಿವಿ ಹಚ್ಚುವುದಕ್ಕೂ ಮೊದಲೇ ಸಾನ್ವಿಯ ಕಡೆ ಕೈ ಚಾಚಿದರು.