ಹುಣಸೂರಿನ ಸೊಪ್ಪು, ಕಸ್ಬಾದ ಸುಣ್ಣ

ಹೊಗೆಸೊಪ್ಪಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ನಂಬದೆ ಏನು? ಹುಣಸೂರಿನ ಹತ್ತಿರದ ಹಳ್ಳಿಯವಳು ನಾನು. ನಡೆಯುವುದಕ್ಕಿಂತ ಮೊದಲೇ ಸೊಪ್ಪು ಒಣಗಿಸುವ ಬ್ಯಾರನ್ನಿನ ಬಿಸಿ ಗೋಡೆಗೆ ಒರಗಿ ಕೂರುವುದನ್ನು ಕಲಿತವಳು. ಅದರ ಮೇಲೆ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಬೇರೆ! ಈಗ ಕೋಲ್ಕತ್ತಾದ ಜಾದವ್‌ಪುರದಲ್ಲಿ ಹೊಗೆಸೊಪ್ಪಿನ ಎಲೆಯಲ್ಲಿ ಯಾವ ಯಾವ ಖನಿಜ ಎಷ್ಟೆಷ್ಟಿದೆ ಎಂದು ಅಳೆಯುವುದೇ ನನ್ನ ಉದ್ಯೋಗ. ಕ್ಯಾಲ್ಸಿಯಂ, ಕಬ್ಬಿಣ, ತಾಮ್ರ, ಸತು, ಜೊತೆಗೆ ಕಣ್ಣಿಗೆ ಕಾಣದಷ್ಟು ಕ್ಯಾಡ್ಮಿಯಂ. ಸೇದುವವರು ಎಂದೂ ಕೇಳದ ಲೆಕ್ಕವನ್ನು ನಾನು ಮೈಮುರಿದು ಒಪ್ಪಿಸುತ್ತೇನೆ.

ಗಂಡ ಮಹೇಶ ಮೈಸೂರಿನಲ್ಲಿ ಕಾಲೇಜು ಮೇಷ್ಟ್ರು. ನಾನಿಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಫೋನು ಬಿಟ್ಟರೆ ಬಾಯಿ ತುಂಬಾ ಕನ್ನಡ ಆಡುವುದಕ್ಕೆ ಒಂದು ಜೀವವಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಒಣಗಿ ಬರುತ್ತಿತ್ತು. ಕೊನೆಗೆ ಪ್ರಯೋಗಾಲಯದ ಯಂತ್ರದ ಜೊತೆಗೇ ಮಾತು ಶುರು ಮಾಡಿದೆ. "ಬಾರಮ್ಮಾ, ಬೇಗ ರೀಡಿಂಗ್ ಕೊಡು ತಾಯಿ" ಎನ್ನುವುದನ್ನು ಕೇಳಿದ ಪಕ್ಕದ ಸಂಶೋಧಕಿ, ಅದು ದಕ್ಷಿಣದ ಕಡೆಯ ಯಾವುದೋ ಪ್ರಾರ್ಥನೆ ಎಂದು ತಿಳಿದು ಕೈ ಮುಗಿದಳು!

ಇಂಥ ದಿನಗಳಲ್ಲಿ ಒಂದು ಭಾನುವಾರ ಪಕ್ಕದ ಬಡಾವಣೆ ಕಸ್ಬಾದ ತರಕಾರಿ ಮಾರುಕಟ್ಟೆಯಲ್ಲಿ ಒಂದು ದನಿ ಕೇಳಿತು. "ಎಂಥಾ ರೇಟ್ ಮಾರಾಯಾ ಇದ್! ತೊಂಡೆಕಾಯಾ, ಬಂಗಾರವಾ?"

ಬಿಳಿ ಕೂದಲಿನ ಅಜ್ಜಿಯೊಬ್ಬರು ಕುಂದಾಪುರದ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. ತರಕಾರಿಯವನು ಬಂಗಾಳಿಯಲ್ಲಿ ಉತ್ತರಿಸುತ್ತಿದ್ದ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ನನಗೆ ಮಾತ್ರ ಏನಾಯಿತೋ, ಬದನೆಕಾಯಿ ಚೀಲ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

"ಎಂತಾಯ್ತ್ ಹೆಣ್ಣೇ? ಕಿಸೆ ಕತ್ತರಿಸಿದ್ರಾ?" ಎಂದರು ಅಜ್ಜಿ.

"ಇಲ್ಲ ಅಜ್ಜಿ, ಕನ್ನಡ..." ಎಂದೆ.

ಪದ್ದಜ್ಜಿಯ ಪರಿಚಯವಾದದ್ದು ಹೀಗೆ. ಮಗ, ಸೊಸೆ ಇಬ್ಬರೂ ಬ್ಯಾಂಕಿನವರು, ಬೆಳಿಗ್ಗೆ ಹೋದರೆ ರಾತ್ರಿಯೇ. ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಕೋಣೆ ಸೇರುತ್ತಾಳೆ. ಅಜ್ಜಿ ಹಗಲೆಲ್ಲ ಎಲೆಅಡಿಕೆ ಹರಿವಾಣದ ಮುಂದೆ ಒಬ್ಬರೇ. ಅವರಿಗೂ ಒಂದು ಕಿವಿ ಬೇಕಿತ್ತು, ನನಗೂ ಒಂದು ಬಾಯಿ ಬೇಕಿತ್ತು. ಆದರೆ ನಾಲ್ಕು ಸಲ ಹೋದಮೇಲೆ ನನಗೆ ಸಂಕೋಚ ಶುರುವಾಯಿತು. ಕಾರಣವಿಲ್ಲದೆ ಇನ್ನೊಬ್ಬರ ಮನೆಗೆ ಎಷ್ಟು ಸಲ ಹೋಗುವುದು? ಆ ಮನೆಯ ಬಾಗಿಲು ಮುಚ್ಚಿಹೋದರೆ ನನಗೆ ಮತ್ತೆ ಯಂತ್ರವೇ ಗತಿ.

ಕಾರಣ ತಾನಾಗಿಯೇ ಒದಗಿತು. ನಾನು ಊರಿನಿಂದ ರೈಲಿನಲ್ಲಿ ಹೊತ್ತು ತಂದ ಹಸಿ ಹೊಗೆಸೊಪ್ಪನ್ನು ತೊಳೆದು ಸಿದ್ಧ ಮಾಡಿಕೊಂಡ ದಿನವೇ ನಮ್ಮ ಒಣಗಿಸುವ ಓವನ್ ಕೆಟ್ಟು ಕೂತಿತು.

"ಪಕ್ಕದ ವಿಭಾಗದ್ದನ್ನು ಬಳಸಿಕೋ, ನಾನು ಹೇಳಿರುತ್ತೇನೆ" ಎಂದರು ನಮ್ಮ ಪ್ರೊಫೆಸರ್ ಸೇನ್.

"ಬೇಡ ಸಾರ್, ನನಗೆ ಬೇರೆ ವ್ಯವಸ್ಥೆ ಇದೆ" ಎಂದೆ. ಗಂಭೀರವಾಗಿ!

ಸಂಜೆ ಕಸ್ಬಾದಲ್ಲಿ ವಿಷಯ ಪ್ರಸ್ತಾಪಿಸಿದಾಗ ಪದ್ದಜ್ಜಿಯ ಮುಖ ಅರಳಿತು.

"ತಕಂಡ್ ಬಾ ಹೆಣ್ಣೇ! ಹಪ್ಳ ಒಣಗ್ಸಿದವ್ಳಿಗೆ ಎಲೆ ಒಣಗ್ಸುದ್ ಎಂತ ದೊಡ್ಡ ಕೆಲ್ಸ? ನಮ್ಮ ಮಹಡಿ ಮೇಲೆ ಬಿಸ್ಲ್ ಬೇಕಾದಷ್ಟ್ ಇತ್ತ್."

"ಆದ್ರೆ ಅಜ್ಜಿ, ತಿನ್ನಬಾರದು. ಇದರಲ್ಲಿ ವಿಷದ ಲೋಹ ಇರುತ್ತೆ."

"ಡಾಕ್ಟ್ರ್ ತಿಂಬುದ್ ಬೇಡ ಅಂದ್ರ್, ಯಾವತ್ತೋ ಬಿಟ್ಟೆ. ಈಗ ಬರೀ ಎಲೆ, ಅಡ್ಕಿ, ಸುಣ್ಣ. ಮೂಸುಕೆ ಯಾರೂ ಬೇಡ ಅನ್ಲಿಲ್ಲೆ ಅಲ್ದಾ?" ಎಂದು ಅಜ್ಜಿ ಒಂದು ಎಲೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡರು.

ಆ ಎರಡು ವಾರ ನಾನು ಈ ನಗರದಲ್ಲಿ ಕಳೆದ ಅತ್ಯಂತ ಸುಖದ ದಿನಗಳು. ಸಂಜೆ ಆಟೋ ಹಿಡಿದು ಕಸ್ಬಾಕ್ಕೆ ಹೋದರೆ ಕಾಫಿ, ಗೋಳಿಬಜೆ, ಜೊತೆಗೆ ಕುಂದಾಪುರದ ಸಮಸ್ತ ಸಂಸಾರಗಳ ಕಥೆ. ಎಲೆಗಳು ಮೊರದಲ್ಲಿ ಗರಿಗರಿಯಾಗಿ ಕಾಯುತ್ತಿದ್ದವು. ನಾನು ಬರುವುದರೊಳಗೆ ಅಜ್ಜಿ ಅವುಗಳ ನಡುದಂಟನ್ನೂ ಬಿಡಿಸಿ, ತುಂಡು ಮಾಡಿ ಇಟ್ಟಿರುತ್ತಿದ್ದರು. ನಾನು ಕೇಳಿರಲಿಲ್ಲ. ನನಗೆ ಅರ್ಧ ಕೆಲಸ ತಪ್ಪಿತಲ್ಲ ಎಂದು ಹಿಗ್ಗಿದೆ. ಹೇಗೆ ಬಿಡಿಸುತ್ತಾರೆ, ಯಾವುದರಲ್ಲಿ ತುಂಡು ಮಾಡುತ್ತಾರೆ ಎಂದು ಒಂದು ದಿನವಾದರೂ ಕೇಳಿದೆನೇ? ಇಲ್ಲ. ಮಾದರಿಗೆ ಲೋಹ ಮುಟ್ಟಿಸಬಾರದು ಎನ್ನುವುದು ನಮ್ಮ ವಿದ್ಯೆಯ ಮೊದಲನೇ ಪಾಠ. ಹೊಸ ವಿದ್ಯಾರ್ಥಿಗಳಿಗೆ ಆ ಪಾಠ ಹೇಳಿಕೊಡುವವಳು ನಾನೇ!

ಎಲೆಯನ್ನು ಪುಡಿ ಮಾಡಿ, ಆಸಿಡ್ಡಿನಲ್ಲಿ ಕರಗಿಸಿ ಯಂತ್ರಕ್ಕೆ ಕುಡಿಸಿದೆ. ಅಂಕಿಗಳು ಬಂದವು. ಕ್ಯಾಲ್ಸಿಯಂ ಮುಗಿಲು ಮುಟ್ಟಿತ್ತು. ತಾಮ್ರ ಏರಿತ್ತು. ಸತು ಏರಿತ್ತು. ಕಬ್ಬಿಣವೂ ಏರಿತ್ತು! ಕೂಡಲೇ ಮೈಸೂರಿಗೆ ಫೋನು ಮಾಡಿದೆ.

"ರೀ, ನಮ್ಮೂರ ಸೊಪ್ಪಲ್ಲಿ ಖನಿಜದ ಗಣಿಯೇ ಇದೆ ಕಣ್ರೀ! ಪ್ರಪಂಚದಲ್ಲಿ ಯಾರೂ ಕಂಡಿಲ್ಲ!"

"ಚಿನ್ನ ಇದ್ಯೇನೇ?" ಎಂದರು ಮಹೇಶ.

"ಚಿನ್ನ ಇಲ್ಲ."

"ಹಾಗಾದ್ರೆ ಊಟ ಮಾಡಿ ಮಲ್ಕೋ. ಬೆಳಿಗ್ಗೆ ಇನ್ನೊಂದ್ಸಲ ನೋಡು."

ಪ್ರತಿಭೆಯನ್ನು ಗಂಡಂದಿರು ಗುರುತಿಸಿದ ದಾಖಲೆ ಇತಿಹಾಸದಲ್ಲೇ ಕಡಿಮೆ. ನಾನು ಇನ್ನೊಂದು ಸಲ ನೋಡಲಿಲ್ಲ. ಬದಲಿಗೆ ಒಳ್ಳೆಯ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ, ವಿಭಾಗದ ಸಭೆಯಲ್ಲಿ ಬಣ್ಣಬಣ್ಣದ ನಕ್ಷೆಗಳನ್ನು ಪರದೆಯ ಮೇಲೆ ಬಿಟ್ಟೆ.

ಪ್ರೊಫೆಸರ್ ಸೇನ್ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಇದನ್ನು ಸೇದಿದರೆ ಕೆಮ್ಮು ಬರುತ್ತದೋ, ಮೂಳೆ ಗಟ್ಟಿಯಾಗುತ್ತದೋ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಭೆ ನಕ್ಕಿತು. ಹೊಗಳಿಕೆ ಎಂದುಕೊಂಡು ನಾನೂ ನಕ್ಕೆ!

"ತಾಮ್ರ, ಸತು ಎರಡೂ ಕೈ ಕೈ ಹಿಡಿದುಕೊಂಡು ಏರಿವೆ. ನೀನು ತಂದದ್ದು ಎಲೆಯೋ, ಹಿತ್ತಾಳೆ ಚೆಂಬೋ?"

"ನಮ್ಮ ಹುಣಸೂರಿನ ಮಣ್ಣಿನ ಗುಣ ಸಾರ್" ಎಂದೆ, ಸೆರಗು ಸರಿಮಾಡಿಕೊಳ್ಳುತ್ತ.

"ಎಲ್ಲಿ ಒಣಗಿಸಿದೆ?"

ಆಗ ಮೊದಲ ಬಾರಿಗೆ ಕಸ್ಬಾದ ಆ ಮಹಡಿ, ಆ ಮೊರ ನೆನಪಾದವು. "ಒಂದು... ಪರಿಚಯದವರ ಮನೆಯಲ್ಲಿ" ಎಂದೆ. ಸಭೆ ಈ ಸಲ ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಮಾರನೆಯ ದಿನ ಬೆಳಿಗ್ಗೆಯೇ, ಹೇಳದೆ ಕೇಳದೆ, ಕಸ್ಬಾಕ್ಕೆ ಹೋದೆ. ಉಳಿದಿದ್ದ ಒಂದು ಕಟ್ಟು ಎಲೆಗಳ ಮುಂದೆ ಪದ್ದಜ್ಜಿ ಕಾಲು ಚಾಚಿ ಕೂತಿದ್ದರು. ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಹೊಳೆಯುವ ಹಿತ್ತಾಳೆ ಹರಿವಾಣ. ಅದರ ತುಂಬಾ ನನ್ನ ಮಾದರಿ. ಕೈಯಲ್ಲಿ ಕಬ್ಬಿಣದ ಅಡಕತ್ತರಿ, ಕಟ್ ಕಟ್ ಎಂದು ಎಲೆ ತುಂಡಾಗುತ್ತಿತ್ತು. ಒಂದು ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗೆ, ಅದೇ ಬೆರಳಿನಲ್ಲಿ ಒಂದು ಹೊಗೆಸೊಪ್ಪಿನ ದಂಟು ಸೀಳಿ ಹರಿವಾಣಕ್ಕೆ. ಮತ್ತೆ ಒಂದು ವೀಳ್ಯದೆಲೆ, ಮತ್ತೆ ಸುಣ್ಣ. ಅಭ್ಯಾಸ ತಪ್ಪದೆ ಹೊಗೆಸೊಪ್ಪಿನ ಬೆನ್ನಿಗೂ ಆಗಾಗ ಒಂದಿಷ್ಟು ಸವರುತ್ತಿದ್ದರು.

ನನ್ನ ಜಗತ್ಪ್ರಸಿದ್ಧ ಸಂಶೋಧನೆ ಕಣ್ಣ ಮುಂದೆ ಕೂತು ಎಲೆಅಡಿಕೆ ಜಗಿಯುತ್ತಿತ್ತು. ಹುಣಸೂರಿನ ಮಣ್ಣನ್ನಲ್ಲ, ಪದ್ದಜ್ಜಿಯ ಹರಿವಾಣವನ್ನು ನಾನು ಸಾವಿರದಲ್ಲಿ ಒಂದು ಪಾಲೂ ತಪ್ಪದಂತೆ ಅಳೆದಿದ್ದೆ!

ನನಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹೇಳಬಾರದಿತ್ತು. ಅಜ್ಜಿ ಅಡಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು. ಸುಣ್ಣದ ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

"ನಾನೇ ಹಾಳ್ ಮಾಡ್ದ್ನಾ ಹೆಣ್ಣೇ?"

"ಇಲ್ಲ ಅಜ್ಜಿ, ತಪ್ಪು ನಂದು. ಓವನ್ ರಿಪೇರಿಯಾಗಿದೆ, ಇನ್ನು ಅಲ್ಲೇ ಒಣಗಿಸ್ತೀನಿ."

ಅಜ್ಜಿ ಹರಿವಾಣದ ಕಡೆಗೇ ನೋಡುತ್ತಿದ್ದರು. "ಹಾಂಗಾರೆ ಇನ್ ನೀನ್ ಬಪ್ಪುದಿಲ್ಯಾ?"

ನಾನು ಇಷ್ಟು ದಿನ ಯಾವ ಭಯದಿಂದ ಎಲೆಯ ಚೀಲ ಹೊತ್ತು ಬರುತ್ತಿದ್ದೆನೋ, ಅದೇ ಭಯದಿಂದ ಈ ಮುದುಕಿ ಕೇಳದಿದ್ದರೂ ದಂಟು ಬಿಡಿಸುತ್ತ ಕೂತಿದ್ದರು.

"ಬರ್ತೀನಿ ಅಜ್ಜಿ. ಭಾನುವಾರ ಬರ್ತೀನಿ. ಎಲೆ ಇಲ್ಲದೇನೇ."

"ಎಂತಕೆ?"

"ಸುಮ್ನೆ."

ಭಾನುವಾರ ಹೋದೆ. ಕೈಯಲ್ಲಿ ಚೀಲವಿರಲಿಲ್ಲ. ಬಾಗಿಲು ತೆಗೆದ ಸೊಸೆ ವೀಣಾ ನನ್ನ ಹಿಂದೆ ಮುಂದೆ ನೋಡಿ, "ಎಲೆ ಎಲ್ಲಿ?" ಎಂದರು.

ಸಭೆಯಲ್ಲಿ ಹಿತ್ತಾಳೆಯನ್ನೇ ಮಣ್ಣಿನ ಗುಣವೆಂದು ಸಮರ್ಥಿಸಿಕೊಂಡ ನಾಲಿಗೆ ಇಲ್ಲಿ ತೊದಲಿತು. "ಎಲೆ ಇಲ್ಲ... ಅಜ್ಜಿ ಹತ್ರ ಮಾತಾಡೋಣ ಅಂತ ಬಂದೆ." ಇಷ್ಟು ಹೇಳುವುದರಲ್ಲಿ ಬೆವರು ಬಂತು.

"ಅಯ್ಯೋ, ನೀವು ಬರ್ತೀರಿ ಅಂತ ಬೆಳಗಾತ ಎದ್ದು ಗೋಳಿಬಜೆಗೆ ಹಿಟ್ಟು ಕಲಸಿಟ್ಟು, ದಾರಿ ಕಾದು ಕಾದು ಈಗಷ್ಟೇ ನಿದ್ದೆ ಹೋದ್ರು. ಎಬ್ಬಿಸ್ಲಾ?"

"ಬೇಡ ಬೇಡ" ಎಂದೆ.

ಇಷ್ಟು ದಿನದ ಕನ್ನಡವನ್ನು ಬಾಯಲ್ಲಿ ತುಂಬಿಕೊಂಡು ಬಂದ ಈ ಡಾಕ್ಟರಮ್ಮ ಅಜ್ಜಿಯ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು. ಒಳಗೆ ಟಿವಿ ಬಂಗಾಳಿಯಲ್ಲಿ ಮಾತಾಡುತ್ತಿತ್ತು, ಮೊಮ್ಮಗಳು ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದಳು. ಪದ್ದಜ್ಜಿ ಬಾಯಿ ತೆರೆದು ದೊಡ್ಡದಾಗಿ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಯಾದರೂ ಅಪ್ಪಟ ಕುಂದಾಪುರದ್ದು! ಅವರು ಏಳುವ ತನಕ ಅದನ್ನೇ ಕೇಳುತ್ತ ಕೂತಿದ್ದೆ.