ಪದ್ಮಾಳ ಮೊಣಕಾಲಿಗೊಂದು ಕಾರು

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಪುಣೆಯ ನಮ್ಮ ಬಿಬವೇವಾಡಿಯಲ್ಲಂತೂ ಇಲ್ಲ. ಪಂಪು ತಯಾರಿಸುವ ಕಾರ್ಖಾನೆಯೊಂದರ ಪ್ಲ್ಯಾನಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ಕೂತು ಎದ್ದವನು ನಾನು. ಯಾವ ನಟ್ಟು ಯಾವ ದಿನ ಯಾವ ಬೋಲ್ಟಿನ ಕೈ ಹಿಡಿಯಬೇಕೆಂದು ಮೂರು ತಿಂಗಳು ಮೊದಲೇ ಬರೆದಿಡುತ್ತಿದ್ದೆ. ಆ ದಿನ ನಟ್ಟು ಬರುತ್ತಿರಲಿಲ್ಲ, ಆ ಮಾತು ಬೇರೆ. ಯೋಜನೆಯಲ್ಲಿ ಮಾತ್ರ ಒಂದು ಅಕ್ಷರ ಹೆಚ್ಚುಕಡಿಮೆ ಇರುತ್ತಿರಲಿಲ್ಲ.

ಇಂಥ ನನ್ನ ಕಣ್ಣಿಗೆ ಒಂದು ಬೆಳಿಗ್ಗೆ ಪೇಪರಿನ ಜಾಹೀರಾತು ಬಿತ್ತು. ಪುಣೆಯಲ್ಲಿ ಎರಡು ದಿನದ ಕಾರು ಮೇಳ. ಇನ್ನು ಹದಿನೈದು ದಿನಕ್ಕೆ, ಶನಿವಾರ ಮತ್ತು ರವಿವಾರ. ಎಲ್ಲ ಕಂಪನಿಗಳ ಕಾರುಗಳೂ ಒಂದೇ ಮೈದಾನದಲ್ಲಿ. ಯಾರು ಬೇಕಾದರೂ ಹತ್ತಿ ಕೂತು ನೋಡಬಹುದು. ನಾನು ಚಹಾ ಕುಡಿಯುವುದನ್ನೇ ಮರೆತೆ.

ಕಾರಣವಿತ್ತು. ನನ್ನ ಹೆಂಡತಿ ಪದ್ಮಾಳ ಬಲ ಮೊಣಕಾಲು ಹೋದ ವರ್ಷದಿಂದ ಮಡಚಲು ಒಪ್ಪುವುದಿಲ್ಲ. ಸ್ಕೂಟರಿನ ಹಿಂದೆ ಕೂಡುವುದು ಅಲ್ಲಿಗೆ ಮುಗಿಯಿತು. ಆಕೆಯ ತಂಗಿ ಶಾಲಿನಿ ಸಾಸವಡದಲ್ಲಿದ್ದಾಳೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವಳು ಬರುವಂತಿಲ್ಲ, ಮೊದಲಿನ ಹಾಗೆ ಸ್ಕೂಟರಿನಲ್ಲಿ ಘಾಟು ಹತ್ತಿ ಇವಳು ಹೋಗುವಂತಿಲ್ಲ. ಮೂವತ್ತು ಕಿಲೋಮೀಟರಿನಾಚೆ ಇರುವ ಅಕ್ಕತಂಗಿಯರು ವರ್ಷದಿಂದ ಫೋನಿನಲ್ಲೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಬಾಡಿಗಿ ಗಾಡಿ ಮಾಡ್ಸೂಣೇನ್ರಿ?" ಎಂದು ಪದ್ಮಾ ಒಂದೆರಡು ಸಲ ಕೇಳಿದ್ದಳು.

"ಛೇ ಛೇ," ಎಂದಿದ್ದೆ ನಾನು. "ಇನ್ನ ಮ್ಯಾಲೆ ನೀ ಸಾಸವಡಕ್ಕ ಹೋಗೂದಂದ್ರ ನಮ್ಮ ಸ್ವಂತ ಕಾರಿನ ಮುಂದಿನ ಸೀಟಿನ್ಯಾಗ. ಇದು ನನ್ನ ಮಾತು."

ಆ ಮಾತು ಹೇಳಿ ಹನ್ನೊಂದು ತಿಂಗಳಾಗಿತ್ತು. ಪದ್ಮಾ ಮತ್ತೆ ಕೇಳಿರಲಿಲ್ಲ. ಹೀಗಾಗಿ ಈ ಮೇಳದಲ್ಲಿ ನಾನು ಹುಡುಕಬೇಕಾದದ್ದು ಒಂದೇ ಒಂದು ವಸ್ತು: ಪದ್ಮಾಳ ಮೊಣಕಾಲು ಒಪ್ಪುವ ಕಾರು.

ಕೂಡಲೇ ಹೊಸ ಫೈಲು ತೆರೆದೆ. ಶನಿವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮನೆ ಬಿಡುವುದು. ಹತ್ತು ಹತ್ತಕ್ಕೆ ಮೈದಾನ. ಒಂದೊಂದು ಕಾರಿಗೆ ಏಳು ನಿಮಿಷ: ಹತ್ತಲು ಎರಡು, ಕೂಡಲು ಮೂರು, ಇಳಿಯಲು ಎರಡು. ಮೊಣಕಾಲಿನ ಅಭಿಪ್ರಾಯ ಬರೆದುಕೊಳ್ಳಲು ಒಂದು ಬೇರೆ ಕಾಲಮ್ಮು.

"ಹೋಗಿ ಕೂತು ನೋಡಿ ಬರೂದಕ್ಕ ಇಷ್ಟೆಲ್ಲಾ ಯಾಕ್ರಿ?" ಎಂದಳು ಪದ್ಮಾ, ಮೆಂತ್ಯೆ ಸೊಪ್ಪು ಸೋಸುತ್ತ.

"ನಿನಗ ತಿಳಿಯೂದಿಲ್ಲ, ಸುಮ್ನಿರು."

"ಹೂಂ, ನನಗೇನು ತಿಳೀತದ. ಕಾಲು ಅಷ್ಟ ನಂದು."

ದಿನಾ ಮಧ್ಯಾಹ್ನ ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತು ಫೈಲು ತಿದ್ದುತ್ತಿದ್ದೆ. ತಿದ್ದುತ್ತ ತಿದ್ದುತ್ತ ಕಣ್ಣು ಭಾರವಾಗುತ್ತಿತ್ತು. ಸಾಸವಡದ ದಾರಿಯಲ್ಲಿ ಕೊಂಡ್ವಾ ಹಿಂದೆ ಸರಿಯುತ್ತಿತ್ತು, ಬೋಪದೇವ ಘಾಟು ಸುರುವಾಗುತ್ತಿತ್ತು. ನಾನು ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದಿರುತ್ತಿದ್ದೆ. ಪದ್ಮಾ ಕಾಲು ಚಾಚಿ ಕೂತಿರುತ್ತಿದ್ದಳು, ಮಡಿಲಲ್ಲಿ ಅಂಜೂರದ ಬುಟ್ಟಿ. ಕಿಟಕಿಯಿಂದ ಗಾಳಿ ಬಂದು ಆಕೆಯ ಕೂದಲು ಹಾರಿಸುತ್ತಿತ್ತು, ಆಕೆ ಇಪ್ಪತ್ತೈದರ ಹುಡುಗಿಯ ಹಾಗೆ ನಗುತ್ತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಕುಕ್ಕರು ಸೀಟಿ ಹೊಡೆಯುತ್ತಿತ್ತು. ನನಗೆ ಕಾರು ಬಿಡಲು ಬರುವುದಿಲ್ಲ ಎಂಬ ಸಣ್ಣ ಸಂಗತಿ ಕನಸಿನಲ್ಲಿ ಒಮ್ಮೆಯೂ ಅಡ್ಡ ಬರಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ನಾನು ಬದುಕುತ್ತಿದ್ದೆ. ಆದರೆ ಮೇಳದ ಹಿಂದಿನ ದಿನ, ಶುಕ್ರವಾರ ಸಂಜೆ, ನನ್ನೊಳಗಿನ ಪ್ಲ್ಯಾನಿಂಗ್ ವಿಭಾಗ ಎಚ್ಚೆತ್ತಿತು. ಪೂರ್ವತಯಾರಿ ಇಲ್ಲದೆ ಮೇಳಕ್ಕೆ ಹೋಗುವುದೆಂದರೇನು? ನನಗೆ ಹಿಡಿಸಿದ ಒಂದು ಬಿಳಿ ಕಾರಿನ ಅಳತೆಯೆಲ್ಲ ಫೋನಿನಲ್ಲಿ ಸಿಕ್ಕಿತು. ಆ ಕಾರನ್ನು ಇದ್ದಷ್ಟೇ ಉದ್ದಗಲದಲ್ಲಿ ಕೆಳಗಿನ ಪಾರ್ಕಿಂಗಿನಲ್ಲಿ ಬರೆದು, ಕೂತು ನೋಡಿಬಿಡುವುದು ಎಂದು ನಿರ್ಧರಿಸಿದೆ. ಪದ್ಮಾಳ ರಂಗೋಲಿ ಡಬ್ಬಿ, ಅಳತೆಯ ಟೇಪು, ನಮ್ಮ ಹೌಸಿಂಗ್ ಸೊಸೈಟಿಯ ಎರಡು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಇಬ್ಬರೂ ಲಿಫ್ಟಿನಲ್ಲಿ ಇಳಿದೆವು. ನಮ್ಮ ಸ್ಕೂಟರಿನ ಜಾಗದಲ್ಲಿ ಕಾರು ಹಿಡಿಯಲಿಲ್ಲ. ಅದರ ಮುಂಭಾಗ ಗೇಟಿಗೆ ಹೋಗುವ ದಾರಿಯ ಮೇಲೆ ಬಂತು. ಇರಲಿ, ರಂಗೋಲಿ ತಾನೆ.

ಕಾರು ಬಹಳ ಚೆಂದ ಬಂತು. ಮುಂದಿನ ಎರಡು ಸೀಟುಗಳ ಜಾಗಕ್ಕೆ ಕುರ್ಚಿ ಇಟ್ಟೆ. ಪದ್ಮಾ ಮನೆಯಿಂದಲೇ ಒಂದು ಚೀಲ ತಂದಿದ್ದಳು. ಅದರಿಂದ ನಾಲ್ಕು ಲಿಂಬೆಹಣ್ಣು ತೆಗೆದು ನಾಲ್ಕೂ ಗಾಲಿಗಳ ಕೆಳಗೆ ಇಟ್ಟಳು. ಬಾನೆಟ್ಟಿನ ಮೇಲೆ ಅರಿಷಿಣ ಕುಂಕುಮ ಹಾಕಿದಳು.

"ಇದೇನ ಇದು?" ಎಂದೆ.

"ಹೊಸಾ ಗಾಡಿ. ಹಂಗ ಹೊಂಡಬಾರ್ದು."

ನಾನು ಬಾಗಿಲು ತೆಗೆದೆ, ಅಂದರೆ ಗಾಳಿಯಲ್ಲಿ ಕೈ ಆಡಿಸಿದೆ. ಪದ್ಮಾ ಒಳಗೆ ಕೂತು ಸೆರಗನ್ನು ಎಳೆದು ಬೆಲ್ಟಿನ ಹಾಗೆ ಸಿಕ್ಕಿಸಿಕೊಂಡಳು. ಅದು ತಮಾಷೆಗೆ ಸುರುವಾದದ್ದು. ಆದರೆ ನಾನು ಪಕ್ಕದ ಕುರ್ಚಿಯಲ್ಲಿ ಕೂತು ಇಲ್ಲದ ಸ್ಟಿಯರಿಂಗ್ ಹಿಡಿದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಹೊರಗೆ ಹೊತ್ತು ಮುಳುಗುತ್ತಿತ್ತು.

"ಸಾವಕಾಶ ಹೊಡೀರಿ, ಮುಂದ ತಿರುವದ," ಎಂದಳು ಪದ್ಮಾ.

ನಾನು ವೇಗ ಇಳಿಸಿದೆ.

"ಘಾಟಿನ ಮ್ಯಾಲೆ ಶೇಂಗಾ ತಗೋಳೂಣ್ರಿ."

ನಿಲ್ಲಿಸಿ ಶೇಂಗಾ ತೆಗೆದುಕೊಂಡೆವು. ಮತ್ತೆ ಹೊರಟೆವು. ಬಹಳ ಹೊತ್ತು ಹೋದ ಮೇಲೆ ಆಕೆ ಸಣ್ಣ ದನಿಯಲ್ಲಿ, "ಶಾಲಿನಿ ಬಾಗಲದಾಗ ನಿಂತಿರ್ತಾಳ ನೋಡ್ರಿ," ಎಂದಳು. ನಾಳೆಯೇ ಕಾರು ಗೊತ್ತುಮಾಡಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅದೇ ಗುಂಗಿನಲ್ಲಿ ಇಬ್ಬರೂ ಕಾರಿನಿಂದ ಇಳಿದು ಮೇಲೆ ಬಂದು ಉಂಡು ಮಲಗಿದೆವು. ಕಾರು ಅಲ್ಲೇ ನಿಂತಿತ್ತು.

ಬೆಳಿಗ್ಗೆ ಆರಕ್ಕೆ ಕೆಳಗಿನಿಂದ ದೊಡ್ಡ ಚೀರು ಕೇಳಿಸಿತು. ನಮ್ಮ ಎದುರುಮನೆಯ ಜೋಶಿ ಕಾಕೂ, ಅರವತ್ತೈದರ ವಿಧವೆ, ಹೂ ಕೊಯ್ಯಲು ಇಳಿದವರು ಅದನ್ನು ನೋಡಿದ್ದರು. ಬಿಳಿ ಮಂಡಲ, ನಾಲ್ಕು ಮೂಲೆಗೆ ಲಿಂಬೆಹಣ್ಣು, ನಡುವೆ ಕುಂಕುಮ, ಅದರಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಎರಡು ಖಾಲಿ ಕುರ್ಚಿ. ಹತ್ತು ನಿಮಿಷದಲ್ಲಿ ಇಡೀ ಕಟ್ಟಡ ಕೆಳಗಿತ್ತು. ಯಾರೋ ನಮ್ಮ ಸೊಸೈಟಿಗೆ ಮಾಟ ಮಾಡಿಸಿದ್ದಾರೆ ಎಂದು ಎಲ್ಲರೂ ಒಪ್ಪಿದರು. ಯಾರಿಗೆ ಮಾಡಿಸಿದ್ದು ಎಂಬುದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು. ಗೆರೆ ದಾಟಿ ಗಾಡಿ ಹೊರಗೆ ತೆಗೆಯಲು ಒಬ್ಬರೂ ತಯಾರಿರಲಿಲ್ಲ. ಆಫೀಸಿಗೆ ಹೋಗುವವರು ರಜೆಗೆ ಫೋನು ಮಾಡುತ್ತಿದ್ದರು.

ನಾನು ಹೋಗಿ, "ಅದು ನನ್ನ ಕಾರು," ಎಂದೆ.

ಯಾರೂ ನಗಲಿಲ್ಲ. ಸೆಕ್ರೆಟರಿ ಕದಮ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಒಂಬತ್ತೂವರೆಗೆ ತುರ್ತು ಸಭೆ ಕರೆದರು. ನಾನು ಹಾಜರಿರಲೇಬೇಕು. ನನ್ನ ಯೋಜನೆಯ ಪ್ರಕಾರ ಮನೆ ಬಿಡಲು ಆಗ ಹತ್ತೇ ನಿಮಿಷ ಉಳಿದಿರುತ್ತಿತ್ತು.

ಸಭೆಯಲ್ಲಿ ನಾನು ಪದ್ಮಾಳ ಮೊಣಕಾಲಿನಿಂದ ಸುರು ಮಾಡಿ ಲಿಂಬೆಹಣ್ಣಿನವರೆಗೆ ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿದೆ. ಫೈಲು ತೋರಿಸಿದೆ. ಮಾಟದ ಆರೋಪ ಬಿದ್ದುಹೋಯಿತು. ಕದಮ್ ಅವರು ಕನ್ನಡಕ ಸರಿಮಾಡಿಕೊಂಡು ಮರಾಠಿಯಲ್ಲಿ ಕೇಳಿದರು: "ಹಾಗಾದರೆ ಅದು ಕಾರು ಎಂದು ನೀವೇ ಒಪ್ಪುತ್ತೀರಿ?"

"ಹೌದ್ರಿ."

"ಪಾರ್ಕಿಂಗ್ ಸ್ಟಿಕರ್ ಇಲ್ಲದ ಕಾರನ್ನು ದಾರಿಗೆ ಅಡ್ಡ ನಿಲ್ಲಿಸಿದ್ದೀರಿ."

ನನ್ನ ಮುಂದೆ ಪಾರ್ಕಿಂಗ್ ಅರ್ಜಿ ಬಂತು. ವಾಹನದ ಬಣ್ಣ: ಬಿಳಿ. ನೋಂದಣಿ ಸಂಖ್ಯೆ: ಇನ್ನೂ ಬಂದಿಲ್ಲ. ಇಂಧನ: ಯೋಚನೆ ನಡೆದಿದೆ. ಅರ್ಜಿಯ ವಿಚಾರಣೆಗೆ ಸ್ಥಳ ಪರಿಶೀಲನೆ ಅಗತ್ಯವೆಂದು ಗಂಡಸರೆಲ್ಲ ಕೆಳಗಿಳಿದರು. ಅಲ್ಲಿ ಒಬ್ಬರು ಪದ್ಮಾಳ ಕುರ್ಚಿಯಲ್ಲಿ ಕೂತು ಕಾಲಿಗೆ ಜಾಗ ಸಾಲದೆಂದರು. ಇನ್ನೊಬ್ಬರು ಡಿಕ್ಕಿ ಸಣ್ಣದೆಂದರು. ಕೊನೆಗೆ ಕದಮ್ ಡ್ರೈವರಿನ ಜಾಗದಲ್ಲಿ ಕೂತು ಕಣ್ಣು ಅರ್ಧ ಮುಚ್ಚಿ, ಐದು ನಿಮಿಷ ಗಾಳಿಯಲ್ಲೇ ಸ್ಟಿಯರಿಂಗ್ ತಿರುಗಿಸಿದರು. ಅವರು ಎಲ್ಲಿಗೆ ಹೋಗಿ ಬಂದರೋ ದೇವರೇ ಬಲ್ಲ. ಇದೆಲ್ಲ ಮುಗಿದು ನಾನು ರಂಗೋಲಿ ಗುಡಿಸಿ ಮೇಲೆ ಬಂದಾಗ ಎರಡು ಗಂಟೆ. ಮನೆಗೆ ಬೀಗ. ನನ್ನ ಬಳಿ ಇನ್ನೊಂದು ಕೀಲಿ ಇತ್ತು, ಪುಣ್ಯ.

ಪದ್ಮಾ ಬಂದದ್ದು ನಾಲ್ಕಕ್ಕೆ. ಹಿಂದೆ ಜೋಶಿ ಕಾಕೂ. ಇಬ್ಬರ ತಲೆಯ ಮೇಲೂ ಕಾರು ಕಂಪನಿಯ ಟೊಪ್ಪಿಗೆ, ಕೈಯಲ್ಲಿ ಎರಡೆರಡು ಬಟ್ಟೆಯ ಚೀಲ.

"ಎಲ್ಲಿಗೆ ಹೋಗಿದ್ರಿ?"

"ಮೇಳಾಕ್ಕ," ಎಂದಳು ಪದ್ಮಾ. "ನಿಮ್ಮ ಸಭಾ ಮುಗಿಯೂ ಲಕ್ಷಣ ಕಾಣಿಸ್ಲಿಲ್ಲ. ಕಾಕೂಗ ಮುಂಜಾನಿ ಎಲ್ಲಾ ತಿಳಿಸಿ ಹೇಳಿದೆ. ಭಾಳ ನಕ್ಕು, ನಡೀರಿ ನಾವ ನೋಡಿ ಬರೂಣು ಅಂದ್ರು. ರಿಕ್ಷಾ ಮಾಡ್ಕೊಂಡು ಹೋದ್ವಿ."

"ಕಾರಿನ್ಯಾಗ ಕೂತ್ರೇನು?"

"ಹದಿನಾಲ್ಕರಾಗ ಕೂತೆ."

ಹದಿನಾಲ್ಕು. ನನ್ನ ಯೋಜನೆಯಲ್ಲಿ ಬರೀ ಒಂಬತ್ತಿದ್ದವು. ಫೈಲು ತೆರೆದು ಪೆನ್ನು ಹಿಡಿದು, ಮೊಣಕಾಲಿನ ಅಭಿಪ್ರಾಯ ಕೇಳಿದೆ.

"ಒಂದೂ ಬರೂದಿಲ್ರಿ. ಕೆಲವು ತಗ್ಗು, ಏಳ್ಲಿಕ್ಕೆ ಆಗೂದಿಲ್ಲ. ಕೆಲವು ಎತ್ತರ, ಹತ್ತಲಿಕ್ಕೆ ಆಗೂದಿಲ್ಲ. ಆ ನಿಮ್ಮ ಬಿಳೇದರಾಗಂತೂ ಇಬ್ಬರು ಹಿಡಿದು ಹೊರಗ ಎಳೆದ್ರು ನನ್ನ." ಆಕೆ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟಳು. "ಆದ್ರ ಒಂದು ಮಾತು ಹೇಳ್ತೀನಿ. ಹೋಗೂ ಮುಂದ ಆ ರಿಕ್ಷಾದಾಗ ಸೀಟಿನ ಮ್ಯಾಲೆ ಅಡ್ಡ ಕಾಲು ಚಾಚಿ ಕೂತಿದ್ದೆ ನೋಡ್ರಿ, ನೋವಂಬೂದು ಗೊತ್ತಾಗ್ಲಿಲ್ಲ. ಅವನ ಜೋಡಿ ಮಾತಾಡೇನಿ. ನಾಳೆ ಎಂಟಕ್ಕ ಬರ್ತಾನ. ಸಾಸವಡಕ್ಕ ಹೋಗಿ ಬರ್ತೀನಿ."

ನಾನು ಪೆನ್ನು ಕೆಳಗಿಟ್ಟೆ. ನಮ್ಮ ಗೇಟಿನ ಮುಂದೆ ದಿನಾ ಆರು ರಿಕ್ಷಾ ನಿಂತಿರುತ್ತವೆ. ಹನ್ನೊಂದು ತಿಂಗಳು ಆಕೆಯನ್ನು ತಂಗಿಯ ಮನೆಗೆ ಹೋಗದಂತೆ ಹಿಡಿದಿಟ್ಟದ್ದು ಮೊಣಕಾಲಲ್ಲ, ನನ್ನ ಮಾತು. ನನಗೆ ಬಹಳ ನಾಚಿಕೆಯಾಯಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ತಪ್ಪಾತು ಪದ್ಮಾ," ಎಂದೆ.

"ಇರ್ಲಿ ಬಿಡ್ರಿ. ನೀವು ಮನಸಿನಿಂದ ಮಾಡಿದ್ರಿ," ಎಂದು ಆಕೆ ಒಳಗೆ ಚಹಾಕ್ಕಿಡಲು ಹೋದಳು. ಅದು ಕ್ಷಮೆಯೋ ಚುಚ್ಚುಮಾತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ರವಿವಾರ ಎಂಟಕ್ಕೆ ರಿಕ್ಷಾ ಬಂತು. ಪದ್ಮಾ ಕಾಲು ಚಾಚಿ ಕೂತಳು. ಉಳಿದ ಜಾಗದಲ್ಲಿ ಜೋಶಿ ಕಾಕೂ ಕೂತರು. ನಾನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದೆ. ರಿಕ್ಷಾದೊಳಗೆ ಎಲ್ಲಿ ನೋಡಿದರೂ ನನಗೆ ಜಾಗ ಕಾಣಲಿಲ್ಲ.

"ನೀವು ಮೇಳಾ ನೋಡಿ ಬರ್ರಿ," ಎಂದಳು ಪದ್ಮಾ. "ಹದಿನೈದು ದಿನಾ ಕಷ್ಟಪಟ್ಟೀರಿ."

ಒಂಬತ್ತು ನಲವತ್ತಕ್ಕೆ ಮನೆ ಬಿಟ್ಟೆ. ಹತ್ತು ಹತ್ತಕ್ಕೆ ಮೈದಾನದಲ್ಲಿದ್ದೆ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ನೇರ ಹೋಗಿ ಆ ಬಿಳಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಹೊರಗಿನ ಗದ್ದಲವೆಲ್ಲ ಒಮ್ಮೆಲೇ ನಿಂತಿತು. ತಣ್ಣಗೆ ಗಾಳಿ ಬರುತ್ತಿತ್ತು. ಸ್ಟಿಯರಿಂಗ್ ಮೇಲೆ ಕೈ ಇಟ್ಟೆ. ಕೊಂಡ್ವಾ ನಿಧಾನವಾಗಿ ಹಿಂದೆ ಸರಿಯತೊಡಗಿತು, ಘಾಟಿನ ಮೊದಲ ತಿರುವು ಬಂತು, ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಫೋನು ರಿಂಗಾಯಿತು.

"ನಾ ಮುಟ್ಟಿದೆ ನೋಡ್ರಿ," ಎಂದಳು ಪದ್ಮಾ. ಹಿಂದೆ ಶಾಲಿನಿಯ ಅಳುನಗು ಎರಡೂ ಕೇಳಿಸುತ್ತಿದ್ದವು. "ಕಾಲು ಏನೂ ಅನ್ಲಿಲ್ಲ. ಶಾಲಿನಿ ನನ್ನ ಕೈ ಬಿಡವಲ್ಲಳು. ನೀವೆಲ್ಲಿದ್ದೀರಿ?"

"ಕಾರಿನ್ಯಾಗ ಇದ್ದೀನಿ."

"ಅಯ್ಯ, ಎಲ್ಲಿಗೆ ಮುಟ್ಟಿದ್ರಿ?"

ಕಂಪನಿಯ ಹೆಣ್ಣುಮಗಳೊಬ್ಬಳು ಕಿಟಕಿಯ ಗಾಜು ತಟ್ಟಿ, ಹಿಂದೆ ನಿಂತ ಸಾಲನ್ನು ತೋರಿಸುತ್ತಿದ್ದಳು.

"ಎಲ್ಲೂ ಇಲ್ಲ," ಎಂದೆ. "ಇಲ್ಲೇ ಇಳೀರಿ ಅನ್ನಾಕತ್ಯಾರ."