ಭಾವ ಬರೆದ ಗೋಡೆ, ನಾನು ಕಿತ್ತ ಫ್ಯೂಸು

ನಮ್ಮ ಭಾವ ರಜೆಗೆ ಬಂದರೆಂದರೆ ನಗುವುದಕ್ಕೆ ಏನಾದರೊಂದು ಆಗಿಯೇ ಆಗುತ್ತದೆ. ಆಗದಿದ್ದರೆ ನಾನು ಆಗಿಸುತ್ತೇನೆ. ಚಾಮರಾಜನಗರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟವನ ಕೈ ಸುಮ್ಮನಿರುವುದಿಲ್ಲ.

ಭಾವ ಅಂದರೆ ಅಕ್ಕನ ಗಂಡ. ಮನೆ ಗುಂಡ್ಲುಪೇಟೆ ಪಕ್ಕ, ಕೆಲಸ ಉತ್ತರದ ಕಡೆ ಎಣ್ಣೆ ಬಾವಿಗಳ ಫೀಲ್ಡಿನಲ್ಲಿ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಎಣ್ಣೆ ತೆಗೆಯುವವರು ಬೇರೆ. ಯಾವ ಬಾವಿ ಇನ್ನೆಷ್ಟು ವರ್ಷ ಎಷ್ಟೆಷ್ಟು ಎಣ್ಣೆ ಕೊಡುತ್ತದೆ ಅಂತ ಮೊದಲೇ ಹೇಳುವವರು ಇವರು.

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಯವರೆಲ್ಲ ಅವರ ಒಂದೇ ಮಾತಿಗೆ ಕಾಯುತ್ತಿದ್ದರು. ಬೋರಿನ ನೀರು ಇಳಿಯುತ್ತಿತ್ತು. ಎರಡೆಕರೆಗೂ ಅರಿಶಿನ ಹಾಕಿದರೆ ಕೀಳುವ ತನಕ ನೀರು ಬರುತ್ತದೋ ಇಲ್ಲವೋ? ಬಿತ್ತನೆ ಗೆಡ್ಡೆ ಆಗಲೇ ಜಗಲಿ ಮೇಲಿತ್ತು. ಅಕ್ಕನ ಮಾವ ಹೇಳಿಬಿಟ್ಟಿದ್ದರು: "ಯಾರ್‍ಯಾರ್ದೋ ಎಣ್ಣೆ ಅಳೀತಾನಲ್ಲ, ಮನೆ ನೀರ ಅಳೀಲಿ. ಅವ್ನು ಊಂ ಅಂದ್ರೆ ಹಾಕದು, ಊಹೂಂ ಅಂದ್ರೆ ಬುಡದು."

ಭಾವ ಹದಿನೈದು ದಿನ ಟೈಮ್ ಕೇಳಿದರು. ಆ ಹದಿನೈದು ದಿನದ ಕಥೆಯೇ ಇದು. ಅರ್ಧದಷ್ಟು ನಿಜ. ಯಾವ ಅರ್ಧ ಅಂತ ಅಕ್ಕನನ್ನು ಕೇಳಬೇಕು.

೧. ಒಂದೂವರೆ ಹೆಣ್ಣು

ಭಾವ ಒಂದು ದಿನ ನನ್ನ ಅಂಗಡಿಗೆ ಬಂದು ಕೂತಿದ್ದರು. ಹರದನಹಳ್ಳಿಯಿಂದ ಮೋಟಾರ್ ತಂದಿದ್ದ ಯಜಮಾನರೊಬ್ಬರಿಗೆ, "ಇವರು ಮುಂದಾಗೋದು ಹೇಳ್ತಾರೆ" ಅಂದೆ. ಅಷ್ಟೇ ಅಂದದ್ದು. ಸ್ವಲ್ಪ ಹೆಚ್ಚೂ ಅಂದಿರಬಹುದು.

ಯಜಮಾನರು ಮೋಟಾರ್ ಮರೆತು ಕೈಮುಗಿದರು. "ಸ್ವಾಮಿ, ನಮ್ ಮಗನ್ಗೆ ಹೆಣ್ಣು ಯಾವಾಗ ಸಿಕ್ಕದು?"

ಭಾವ ನನ್ನನ್ನು ಒಮ್ಮೆ ನೋಡಿ, ಪೆನ್ನು ತೆಗೆದರು. "ಮೊದಲನೇ ವರ್ಷ ಎಷ್ಟು ಸಂಬಂಧ ಬಂದಿದ್ವು?"

"ಹನ್ನೆರಡು."

"ಆಮೇಲೆ?"

"ಆರು. ಈ ವರ್ಷ ಮೂರು."

"ಬರೋ ವರ್ಷ ಒಂದೂವರೆ."

"ಅರ್ಧ ಅಂದ್ರೆ?"

"ಬಂದು ನೋಡಿ, ಕಾಫಿ ಕುಡಿದು, ಆಮೇಲೆ ಫೋನ್ ಎತ್ತದೇ ಇರೋರು."

ಯಜಮಾನರು ಯೋಚಿಸಿ, "ದಿಟ ಕಣಪ್ಪ. ಈ ವರ್ಷ ಬಂದವು ಮೂರೂ ಅರ್ಧವೇ!" ಅಂದರು. ಬರುವ ಆ ಒಂದನ್ನು ಬಿಡಬಾರದು ಅಂತ ನಿಶ್ಚಯಿಸಿ ಹೋದವರು, ಬಿಡಲೂ ಇಲ್ಲ. ಮದುವೆ ಕಾರ್ಡಿನಲ್ಲಿ ಭಾವನ ಹೆಸರು ಪುರೋಹಿತರಿಗಿಂತ ಮೇಲಿತ್ತು.

೨. ಗುರುವಾರದ ಕಾಫಿ

ಅಕ್ಕನ ಅಡುಗೆಮನೆಯ ಸಿಲಿಂಡರನ್ನು ಭಾವ ತಕ್ಕಡಿಯಲ್ಲಿ ತೂಗಿ, "ಗುರುವಾರ ಬೆಳಗಿನ ಕಾಫಿಗೆ ಮುಗಿಯುತ್ತೆ" ಅಂದರು. ಈ ಮಾತು ಸುಳ್ಳು ಮಾಡಲೇಬೇಕೆಂದು ನಾನು ಮಂಗಳವಾರ ಎಂಟು ಜನ ಸ್ನೇಹಿತರನ್ನು ಊಟಕ್ಕೆ ಕರೆದುಕೊಂಡು ಹೋದೆ. ಮುದ್ದೆ, ಸಾರು, ಪಾಯಸ, ಎಲ್ಲ ಆಯಿತು. ಗ್ಯಾಸು ಮಾತ್ರ ಸರಿಯಾಗಿ ಗುರುವಾರ, ಕಾಫಿ ಉಕ್ಕುವ ಹೊತ್ತಿಗೇ ಪುಸ್ ಅಂದಿತು.

ನಾನು ಸಿಲಿಂಡರ್ ಅಲ್ಲಾಡಿಸಿ ನೋಡಿದೆ. ಅಕ್ಕ ಹಿತ್ತಲಿಗೆ ಎಳೆದುಕೊಂಡು ಹೋಗಿ ಮಸಿ ಹಿಡಿದ ಸೌದೆ ಒಲೆ ತೋರಿಸಿದಳು. "ಎಂಟ್ ಜನಕ್ಕೂ ಇಲ್ಲೇ ಬೇಯಿಸ್ದೆ ಕಣ್ಲಾ. ಅವರ ಲೆಕ್ಕ ತಪ್ಪುಸ್ತೀನಿ ಅಂತ ಬಂದಿದ್ದೆಯಲ್ಲ, ನಾನಿಲ್ವಾ?"

೩. ಉಕ್ಕಿದ ಬೋರು

ಇನ್ನು ಬೋರಿನ ವಿಷಯ. ಒಂದು ವರ್ಷದಿಂದ, ಊರಿನಲ್ಲಿದ್ದ ದಿನವೆಲ್ಲ, ಭಾವ ಬೆಳಿಗ್ಗೆ ಪೈಪಿನ ಕೆಳಗೆ ಡ್ರಮ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ, ಕೊಟ್ಟಿಗೆ ಗೋಡೆಯ ಮೇಲೆ ಇದ್ದಲಲ್ಲಿ ಚುಕ್ಕೆ ಇಡುತ್ತಿದ್ದರು. ಚುಕ್ಕೆಗಳು ಜಾರುಬಂಡೆಯಂತೆ ನಿಧಾನಕ್ಕೆ ಇಳಿಯುತ್ತಿದ್ದವು.

ಹದಿನಾಲ್ಕನೇ ದಿನ ನಾನು ಪಂಪ್‌ಹೌಸಿಗೆ ಹೋಗಿ ಫ್ಯೂಸು ಕಿತ್ತು ಜೇಬಿಗಿಳಿಸಿದೆ. ಮಾವನಿಗೆ, "ಕರೆಂಟಿಲ್ಲ" ಅಂದೆ. ಇಡೀ ದಿನ ಬೋರು ವಿಶ್ರಾಂತಿ ತೆಗೆದುಕೊಂಡಿತು. ರಾತ್ರಿ ಫ್ಯೂಸು ವಾಪಸ್. ಬೆಳಿಗ್ಗೆ ಸ್ವಿಚ್ ಒತ್ತಿದರೆ ನೀರು ಹುಚ್ಚು ಹೊಳೆ! ಡ್ರಮ್ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ತುಂಬಿತು. ಚುಕ್ಕೆ ಗೋಡೆಯ ನೆತ್ತಿಗೇರಿತು.

"ಗಂಗಮ್ಮ ಒಲಿದ್ಬುಟ್ಲು! ಎರಡೆಕರೇಗೂ ಹಾಕ್ರಲಾ!" ಅಂತ ಮಾವ ಗೆಡ್ಡೆ ಮೂಟೆಗೆ ಕೈ ಹಾಕಿದರು. ತಮಾಷೆ ಹೋಗಿ ಎರಡೆಕರೆ ಅರಿಶಿನ ಒಣಗುವ ಹಾಗಿತ್ತು. ಹೇಳೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಭಾವ, "ಅಪ್ಪ, ತಡಿ. ಈ ಚುಕ್ಕೆ ನೀರಿನದ್ದಲ್ಲ, ಮನುಷ್ಯಂದು. ನಮ್ಮ ಫೀಲ್ಡಲ್ಲೂ ಬಾವೀನ ಒಂದು ದಿನ ಮುಚ್ಚಿಟ್ರೆ ಮಾರನೇ ದಿನ ಹಿಂಗೇ ಉಕ್ಕುತ್ತೆ. ನಿನ್ನೆ ಬೋರ್ ಓಡಿಲ್ಲ" ಅಂದರು.

"ಕರೆಂಟಿರ್ನಿಲ್ಲ ಕಣಪ್ಪ."

"ಪಕ್ಕದ ಹೊಲದ ಬೋರ್ ಓಡ್ತಿತ್ತಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಭಾವ ಗೋಡೆಯ ಮೂಲೆ ತೋರಿಸಿದರು. ಮೊದಲ ದಿನವೇ ಬರೆದಿಟ್ಟ ಒಂದು ಖಾಲಿ ಸೊನ್ನೆ. ಪಕ್ಕದಲ್ಲಿ ಸಣ್ಣ ಅಕ್ಷರ: 'ಹದಿನೈದು ದಿನದೊಳಗೆ ಬಾಮೈದನ ಚುಕ್ಕೆ.'

"ಪ್ರತಿ ರಜೆಯಲ್ಲೂ ನಿನ್ನ ತಂಟೆ ಬರೆದಿಟ್ಟಿದ್ದೀನಿ ಕಣಯ್ಯ. ನಿಂದು ಇಳಿಯೋದೇ ಇಲ್ಲ."

ಆಮೇಲೆ ತೀರ್ಪು ಕೊಟ್ಟರು. ಒಂದೇ ಎಕರೆಗೆ ಅರಿಶಿನ. ಇನ್ನೊಂದಕ್ಕೆ ಬೇಗ ಮುಗಿಯುವ ಚೆಂಡು ಹೂ. ಮಳೆ ಬಂದರೆ ಲಾಭ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

೪. ಕಿತ್ತ ದಿನ

ಅರಿಶಿನ ಕೀಳುವ ದಿನ ಭಾವ ಫೀಲ್ಡಿನಲ್ಲಿದ್ದರು. ನಾನು ಹೋಗಿದ್ದೆ. ಬೋರಿನ ನೀರು ಕಿರುಬೆರಳು ಗಾತ್ರಕ್ಕೆ ಬಂದಿತ್ತು, ಆದರೆ ಬೆಳೆ ಕೈಗೆ ಬಂದಿತ್ತು. ಎರಡೆಕರೆಗೂ ಹಾಕಿದ್ದರೆ ಎರಡೂ ಹೋಗುತ್ತಿದ್ದವು. ಗೆಡ್ಡೆಯ ರಾಶಿ ನೋಡಿ ನಾನು, "ಅಕ್ಕಾ, ಇನ್ಮೇಲೆ ಭಾವನ ಲೆಕ್ಕಕ್ಕೆ ಕೈ ಹಾಕಲ್ಲ, ಆಣೆ" ಅಂದೆ.

ಅಕ್ಕ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಮನೆಗೆಲ್ಲ ಸುಣ್ಣ ಬಳಿದಿದ್ದರೂ ಆ ಗೋಡೆ ಬಿಟ್ಟಿದ್ದರು. ಚುಕ್ಕೆಗಳ ಕೊನೆಯಲ್ಲಿ ಭಾವನ ಕೈಬರಹ: 'ಅರಿಶಿನ ಕಿತ್ತ ದಿನ ಬಾಮೈದ ಆಣೆ ಮಾಡ್ತಾನೆ. ನಂಬಬೇಡಿ. ಜೇಬು ನೋಡಿ.'

ನಾನು ಪಂಪ್‌ಹೌಸಿಗೆ ನಡೆದು ಜೇಬಿನಲ್ಲಿದ್ದ ಫ್ಯೂಸು ವಾಪಸ್ ಹಾಕಿ ಬಂದೆ.